ಎಲ್ಕ್ ಬೇಟೆಗೆ ಹೊರಟ ಅಳಿಯನಿಗೆ

ಗ್ರ್ಯಾಂಡ್ ಜಂಕ್ಷನ್, ಕೊಲೊರಾಡೊ
ಸೆಪ್ಟೆಂಬರ್ 5

ಚಿರಂಜೀವಿ ಮುತ್ತಣ್ಣನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕೈಲ್‌ಪೊಳ್ದ್ ಹಬ್ಬದ ದಿನ ನಿನ್ನ ಅವ್ವ ಫೋನು ಮಾಡಿ, ನೀನು ಈ ಅಕ್ಟೋಬರಿನಲ್ಲಿ ಮೊದಲ ಸಲ ಎಲ್ಕ್ ಎಂಬ ಇಲ್ಲಿನ ದೊಡ್ಡ ಜಿಂಕೆಯ ಬೇಟೆಗೆ ಹೊರಟಿರುವುದನ್ನೂ ಅದಕ್ಕೆಂದೇ 6.5 ಕ್ರೀಡ್‌ಮೂರ್ ತೋಟೆ ಹಾರಿಸುವ ಹೊಸ ರೈಫಲ್ ಕೊಂಡಿರುವುದನ್ನೂ ತಿಳಿಸಿದಳು. ಮರುದಿನವೇ ನಿನ್ನ ಪ್ರಶ್ನೆಯೂ ಬಂತು: 6.5 ಕ್ರೀಡ್‌ಮೂರ್‌ಗೆ ಯಾವ ಗುಂಡು ಹಾಕಿದರೆ 700 ಗಜದಲ್ಲಿ ಎಲ್ಕ್ ಬೀಳುತ್ತದೆ? ಪ್ರಶ್ನೆಯನ್ನು ನೀನು ತಲೆಕೆಳಗಾಗಿ ಕೇಳಿದ್ದೀಯ ಎಂದು ನನಗೆ ಅನ್ನಿಸುತ್ತದೆ. ಮೊದಲು ಗುಂಡನ್ನು ಆರಿಸಿ, ಅದು ಎಷ್ಟು ದೂರದವರೆಗೆ ತನ್ನ ಕೆಲಸವನ್ನು ಮಾಡಬಲ್ಲದೋ ತಿಳಿದುಕೊಂಡು, ಆ ದೂರವನ್ನೇ ನಿನ್ನ ಎಲ್ಲೆಯೆಂದು ಒಪ್ಪಿಕೊಳ್ಳಬೇಕು.

ಎಲ್ಕ್‌ನ ಗಾತ್ರದ ಅಂದಾಜು ಬೇಕಿದ್ದರೆ ನಮ್ಮ ಕಡೆಯ ದೊಡ್ಡ ಕಡವೆಯನ್ನು ನೆನಪಿಸಿಕೋ. ಬಲಿತ ಗಂಡು ಎಲ್ಕ್ 300 ಕಿಲೋ ಮೀರಿ ತೂಗುತ್ತದೆ. ಅದರ ಭುಜದ ಮೂಳೆ ದಪ್ಪ, ಜೀವದ ಹಟ ಅದಕ್ಕಿಂತ ದಪ್ಪ. ನಿನ್ನ ಅಜ್ಜ ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದ ಕಾಲದಲ್ಲಿ, ಅಂದರೆ 1972ರ ವನ್ಯಜೀವಿ ಕಾಯ್ದೆ ಬರುವುದಕ್ಕೆ ಮುಂಚೆ, ಮೂವತ್ತು ನಲವತ್ತು ಗಜಕ್ಕಿಂತ ದೂರದಿಂದ ಈಡು ಹಾರಿಸುವವರನ್ನು ಯಾರೂ ಬೇಟೆಗಾರರೆಂದು ಎಣಿಸುತ್ತಿರಲಿಲ್ಲ. ಇಲ್ಲಿನ ಬಯಲು ಬೆಟ್ಟಗಳಲ್ಲಿ ಅಷ್ಟು ಹತ್ತಿರ ಹೋಗುವುದು ಯಾವಾಗಲೂ ಸಾಧ್ಯವಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ದೂರ ಹೆಚ್ಚಿದಷ್ಟೂ ಗುಂಡಿನ ಆಯ್ಕೆ ಕಠಿಣವಾಗುತ್ತದೆ.

ಬೇಟೆಯ ಗುಂಡು ದೇಹವನ್ನು ಹೊಕ್ಕೊಡನೆ ಮುಂಭಾಗದಲ್ಲಿ ಅಣಬೆಯಂತೆ ಅರಳಬೇಕು, ಅರಳಿಯೂ ಶ್ವಾಸಕೋಶಗಳೆರಡನ್ನೂ ದಾಟುವಷ್ಟು ತೂಕವನ್ನು ಉಳಿಸಿಕೊಳ್ಳಬೇಕು. ಅರಳುವುದಕ್ಕೆ ವೇಗ ಬೇಕು. ಹಳೆಯ ಬಗೆಯ ಹೆಚ್ಚಿನ ಗುಂಡುಗಳಿಗೆ ತಗಲುವ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 1800 ಅಡಿ ವೇಗ ಇರಬೇಕು. ದೂರಕ್ಕೆಂದೇ ಮಾಡಿದ ಕೆಲವು ಹೊಸ ಗುಂಡುಗಳು ಅದಕ್ಕಿಂತ ಕಡಿಮೆ ವೇಗದಲ್ಲಿಯೂ ಅರಳುತ್ತವೆ. ಆದರೆ ಅದೇ ಗುಂಡು, ನಸುಕಿನಲ್ಲಿ ಪೈನ್ ಮರಗಳ ನಡುವಿನಿಂದ 50 ಗಜದಲ್ಲಿ ಎದ್ದು ನಿಂತ ಗಂಡು ಎಲ್ಕ್‌ನ ಭುಜಕ್ಕೂ ತಗಲಬಹುದು. ಆಗ ಅದರ ವೇಗ 2600 ಅಡಿಯ ಮೇಲಿರುತ್ತದೆ. ಮೃದುವಾದ ಗುಂಡು ಮೂಳೆಗೆ ಬಡಿದು ಚೂರುಚೂರಾಗಿ ಒಳಗಿನ ಅಂಗಗಳನ್ನು ಮುಟ್ಟದೆಯೇ ನಿಂತುಬಿಡುತ್ತದೆ. ಗಟ್ಟಿಯಾದದ್ದು ದೂರದಲ್ಲಿ ಅರಳದೆ ಸೂಜಿಯಂತೆ ತೂರಿಹೋಗುತ್ತದೆ. ಈ ಎರಡರ ನಡುವಿನ ಒಪ್ಪಂದವೇ ನೀನು ಕೊಳ್ಳುತ್ತಿರುವ ವಸ್ತು.

ಇದು ಇಂದಿನ ಸಮಸ್ಯೆಯಲ್ಲ. 1946ರಲ್ಲಿ ಕೆನಡಾದಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರರು ಹಾರಿಸಿದ ಗುಂಡುಗಳು ಕೆಸರು ಮೆತ್ತಿದ್ದ ಮೂಸ್ ಎಂಬ ದೈತ್ಯ ಜಿಂಕೆಯೊಂದರ ಭುಜದಲ್ಲಿ ಆಳಕ್ಕಿಳಿಯದೆ ಒಡೆದುಹೋದವು. ಆ ಕಹಿಯಿಂದಲೇ ಅವರು ಸೀಸದ ನಡುವೆ ತಾಮ್ರದ ಅಡ್ಡಗೋಡೆಯಿರುವ ಪಾರ್ಟಿಶನ್ ಗುಂಡನ್ನು ಮಾಡಿದರು: ಮುಂಭಾಗ ಅರಳಿ ಸವೆದರೂ ಗೋಡೆಯ ಹಿಂದಿನ ಅರ್ಧ ಮುಂದೆ ನುಗ್ಗುತ್ತದೆ. ಅದರ ಮೂಗು ಮೊಂಡಾದ್ದರಿಂದ ದೂರದಲ್ಲಿ ವೇಗ ಬೇಗ ಕಳೆದುಕೊಳ್ಳುತ್ತದೆ, ಆದರೂ 300 ಗಜದೊಳಗೆ ನನಗೆ ಅದರ ಮೇಲೆ ಇಂದಿಗೂ ಪೂರ್ಣ ನಂಬಿಕೆ. ಆಮೇಲೆ ಬಂದವುಗಳಲ್ಲಿ ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದ ಗುಂಡುಗಳು ಒಂದು ಬಗೆ, ಪೂರ್ತಿ ತಾಮ್ರದವು ಇನ್ನೊಂದು ಬಗೆ. ಮೂರನೆಯದು ಉದ್ದ ಮೂಗಿನ, ತೆಳು ಹೊದಿಕೆಯ, ಗಾಳಿಯನ್ನು ಸಲೀಸಾಗಿ ಸೀಳುವ ಬಗೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಬಿ.ಸಿ. ಅಂಕಿಯನ್ನು, ಅಂದರೆ ಗುಂಡು ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆಂಬ ಅಳತೆಯನ್ನು, ನೋಡಿ ನೀನು ಮರುಳಾಗಿರುವುದು ಈ ಮೂರನೆಯದಕ್ಕೆ. ಅದರಲ್ಲಿಯೂ ಗುರಿ ಸ್ಪರ್ಧೆಗೆಂದು ಮಾಡಿದ ಗುಂಡನ್ನು ಬೇಟೆಗೆ ತರಬೇಡ. ಕಾಗದದಲ್ಲಿ ತೂತು ಮಾಡುವುದಷ್ಟೇ ಅದರ ಕೆಲಸ, ಮೈಯೊಳಗೆ ಅದು ಹೇಗೆ ವರ್ತಿಸುತ್ತದೆಂದು ನಂಬಲಾಗದು.

ನಾನು ಕಲಿತದ್ದು ಹೇಗೆಂದು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಮೀಕರ್ ಊರಿನ ಮೇಲಿನ ಬೆಟ್ಟದಲ್ಲಿ, ನನ್ನ .30-06 ರೈಫಲ್ಲಿನಿಂದ, ಪೂರ್ತಿ ತಾಮ್ರದ ಗುಂಡೊಂದನ್ನು 600 ಗಜ ದೂರದ ಗಂಡು ಎಲ್ಕ್‌ಗೆ ಹಾರಿಸಿದೆ. ಗುರಿ ತಪ್ಪಿರಲಿಲ್ಲ. ಎಲ್ಕ್ ಒಮ್ಮೆ ಬೆನ್ನು ಬಾಗಿಸಿ, ಏನೂ ಆಗದಂತೆ ನಡೆದು ಕಾಡು ಸೇರಿತು. ಕತ್ತಲಾಗುವವರೆಗೆ ಹಿಮದಲ್ಲಿ ಹೆಜ್ಜೆ ಹಿಡಿದು ನಡೆದೆ, ನೆತ್ತರು ಬೆರಳೆಣಿಕೆಯ ಹನಿಗಳಷ್ಟೇ. ಮರುದಿನ ಮಧ್ಯಾಹ್ನ ಸಿಕ್ಕಿದಾಗ ತೊಡೆಯ ಮಾಂಸ ಮೂಳೆಯ ಬಳಿ ಹುಳಿಯಾಗಿತ್ತು, ಗುಂಡು ಹೊಕ್ಕ ತೂತು ಮತ್ತು ಹೊರಟ ತೂತು ಎರಡೂ ಪೆನ್ಸಿಲ್ ಗಾತ್ರದವು. ಮನೆಗೆ ಬಂದು ಲೆಕ್ಕ ಹಾಕಿದರೆ ಆ ದೂರದಲ್ಲಿ ಅದರ ವೇಗ 1800 ಅಡಿಗೂ ಕೆಳಗಿತ್ತು. ಗುಂಡಿನ ತಪ್ಪೇನೂ ಇರಲಿಲ್ಲ. ತಯಾರಕರು ಬರೆದಿದ್ದ ಕನಿಷ್ಠ ವೇಗವನ್ನು ನಾನು ಓದಿಯೇ ಇರಲಿಲ್ಲ.

ಈಗ ನಿನ್ನ ರೈಫಲ್ಲಿನ ಮಾತು. ಅದರ ಹೆಸರಾಂತ 143 ಗ್ರೇನ್ ಬೇಟೆಯ ಗುಂಡು ಒಂಬತ್ತು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ, ನಾಳದಿಂದ 2700 ಅಡಿಯಲ್ಲಿ ಹೊರಟು, ಸಮುದ್ರ ಮಟ್ಟದ ಲೆಕ್ಕದಲ್ಲಿ 500 ಗಜಕ್ಕೆ ಸುಮಾರು 2000 ಅಡಿ ಉಳಿಸಿಕೊಳ್ಳುತ್ತದೆ. ನಾವು ಹೋಗುವ 9000 ಅಡಿ ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಇನ್ನೂ ತುಸು ಹೆಚ್ಚು. ಹಾಗಾದರೆ ಅರಳುವುದಕ್ಕೆ ತೊಂದರೆಯಿಲ್ಲವಲ್ಲ ಎಂದು ನೀನು ವಾದಿಸಬಹುದು. ನಿಜ, ಆದರೆ ಅಷ್ಟು ಹಗುರವಾದ ಗುಂಡು ಭುಜದ ಮೂಳೆಗೆ ಬಡಿದರೆ ಒಳಕ್ಕೆ ಒಯ್ಯಲು ಅದರ ಬಳಿ ಹೆಚ್ಚೇನೂ ಉಳಿಯುವುದಿಲ್ಲ. ಇನ್ನು ಗಂಟೆಗೆ 10 ಮೈಲಿಯ ಅಡ್ಡಗಾಳಿ ಆ ದೂರದಲ್ಲಿ ಅದನ್ನು ಸುಮಾರು ಒಂದು ಅಡಿ ಪಕ್ಕಕ್ಕೆ ತಳ್ಳುತ್ತದೆ, ಕಣಿವೆಯ ಆಚೆಯ ಗಾಳಿ ನಿನ್ನ ಕೆನ್ನೆಗೆ ತಿಳಿಯುವುದೂ ಇಲ್ಲ. ಗುಂಡು ಹಾರುವ ಅರ್ಧ ಸೆಕೆಂಡಿಗೂ ಮೀರಿದ ಹೊತ್ತಿನಲ್ಲಿ ಮೇಯುತ್ತಿರುವ ಎಲ್ಕ್ ಒಂದು ಹೆಜ್ಜೆ ಇಟ್ಟರೆ ಶ್ವಾಸಕೋಶಕ್ಕಿಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಕೊಲೊರಾಡೊ ಕಾನೂನು ಎಲ್ಕ್‌ಗೆ ಕೇಳುವುದು .24 ಕ್ಯಾಲಿಬರ್ (ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ), 85 ಗ್ರೇನ್ ತೂಕದ ಅರಳುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ, ಇಷ್ಟೇ. ಅದು ಕನಿಷ್ಠ ಮಿತಿ, ಶಿಫಾರಸು ಎಂದು ಓದಬೇಡ.

ಹೀಗಾಗಿ ನಿನಗೆ ನಾನು ಹೇಳುವುದು: ಬೆಸೆದ ಗುಂಡು ಅಥವಾ ತಾಮ್ರದ ಗುಂಡನ್ನು ತೆಗೆದುಕೋ, 300 ಗಜಕ್ಕೆ ನಿಲ್ಲು, ಭುಜದ ಹಿಂದಿನ ಮಡಿಕೆಗೇ ಗುರಿಯಿಡು. 500ರವರೆಗೆ ಹೋಗಲೇಬೇಕೆಂದಿದ್ದರೆ ನನ್ನ .300 ವಿನ್ಚೆಸ್ಟರ್ ಮ್ಯಾಗ್ನಮ್ ರೈಫಲ್ ಮತ್ತು 200 ಗ್ರೇನ್ ಬೆಸೆದ ಗುಂಡುಗಳಿವೆ, ಆದರೆ ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚದೆ ಹಾರಿಸುವಷ್ಟು ಅಭ್ಯಾಸ ಮಾಡಿದ ಮೇಲೆ ಮಾತ್ರ. 700 ಗಜದ ಮಾತನ್ನು ಈ ವರ್ಷ ಎತ್ತಬೇಡ. ನಿನ್ನ ಮನೆಯಲ್ಲಿ ಎರಡು ವರ್ಷದ ಮಗು ಇದೆ. ಆ ಕಾರಣಕ್ಕೆ ನಾನಾದರೆ ತಾಮ್ರವನ್ನೇ ಆರಿಸುತ್ತಿದ್ದೆ, ಏಕೆಂದರೆ ಸೀಸದ ಗುಂಡು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ದೂರದ ಮಾಂಸದಲ್ಲಿಯೂ ಸೇರಿಕೊಳ್ಳುತ್ತವೆ. ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳಿಗೂ ಅದು ವಿಷ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿದೆ.

ಎರಡು ಬಗೆಯ ಗುಂಡುಗಳನ್ನು ಒಂದೊಂದು ಡಬ್ಬಿ ಮಾತ್ರ ಕೊಂಡು ಈ ತಿಂಗಳ ಕೊನೆಯ ಶನಿವಾರ ಇಲ್ಲಿಗೆ ಬಾ. ಎಲ್ಲ ರೈಫಲ್ಲಿಗೂ ಎಲ್ಲ ಗುಂಡೂ ಹೊಂದುವುದಿಲ್ಲ. ಯಾವುದು ನಿನ್ನ ನಾಳದಿಂದ ಒಂದೇ ಕಡೆ ಕೂಡುತ್ತದೆಯೋ ನೋಡಿ, ಆಮೇಲೆ ಒಂದೇ ತಯಾರಿಕಾ ಕಂತಿನ ಸಂಖ್ಯೆಯಿರುವ ಅದೇ ತೋಟೆಗಳನ್ನು ಐದಾರು ಡಬ್ಬಿ ಒಟ್ಟಿಗೆ ತರಿಸೋಣ. ವೇಗ ಅಳೆಯುವ ಯಂತ್ರ ನನ್ನ ಬಳಿ ಇದೆ. ಬರುವಾಗ ಅವ್ವ ಕಳಿಸಿದ ಕಾಚಂಪುಳಿಯ (ನಮ್ಮ ಕೊಡಗಿನ ಹುಳಿರಸದ) ಬಾಟಲಿಯನ್ನು ಮರೆಯಬೇಡ.

ಇಂತಿ,
ನಿನ್ನ ಸೋದರಮಾವ