ಪುಟ್ಟಿ ವಿಷಯ ಬಿಡು ಅಮ್ಮಾ, ಮೊದಲು ನೀನು

ಮೆಲ್ಬರ್ನ್

ಅಮ್ಮನಿಗೆ ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪಯ್ಯನ ಮಂಡಿನೋವು ಕಡಿಮೆ ಆಯ್ತಾ?

ನಿನ್ನ ಕಾಗದ ಓದಿದೆ. ಚಿಕ್ಕಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಪುಟ್ಟಿಗೆ ನೋಡಿದ ಸಾಗರದ ಗಂಡಿನವರು 'ಇದು ವಂಶದಲ್ಲೇ ಇದೆಯಾ' ಅಂತ ಕೇಳಿದರಂತೆ. ಅದಕ್ಕೆ ಕಾರಣ ಎಚ್‌ಪಿವಿ ಅನ್ನುವ ವೈರಸ್ ಅಂತ ಅವರಿಗೆ ಹೇಳು. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಗಂಡು ಹೆಣ್ಣು ಕೂಡಿದಾಗ ತಗಲುವ ವೈರಸ್ ಅಂತ ಚಿಕ್ಕಮ್ಮನ ನಡತೆ ಬಗ್ಗೆ ಯಾರಾದರೂ ಬಾಯಿ ಹಾಕಿದರೆ ಸುಮ್ಮನಿರಬೇಡ. ಸಂಸಾರ ಮಾಡುವ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ತಗಲುವ ವೈರಸ್ ಅದು. ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನಾಗೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, 15-20 ವರ್ಷದ ಮೇಲೆ ಕ್ಯಾನ್ಸರ್ ಆಗಬಹುದು.

ಯಾಕೆ ಕೆಲವರಲ್ಲಿ ಮಾತ್ರ? ತೋಟದಲ್ಲಿ ಅಡಿಕೆಯ ಕೊಳೆರೋಗವನ್ನೇ ನೋಡು. ಮಳೆ ಎಲ್ಲ ಮರಕ್ಕೂ ಒಂದೇ, ಆದರೆ ಒಂದರಲ್ಲಿ ಕಾಯಿ ಜಾಸ್ತಿ ಉದುರುತ್ತದೆ, ಪಕ್ಕದ್ದರಲ್ಲಿ ಕಡಿಮೆ. ನಮ್ಮ ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಅನ್ನುವ ಜೀನುಗಳಿವೆ. ಮೈಯೊಳಗೆ ವೈರಸ್ ಹೊಕ್ಕರೆ ಕಾವಲಿನ ಕಣಗಳಿಗೆ ಹಿಡಿದು ತೋರಿಸುವುದು ಅವುಗಳ ಕೆಲಸ. ಅವು ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತವೆ. ಕೆಲವು ಥರದವು ವೈರಸ್ಸನ್ನು ಬೇಗ ಓಡಿಸಲು ಬಿಡುವುದಿಲ್ಲ. ಸ್ವೀಡನ್ನಿನಲ್ಲಿ ಲೆಕ್ಕ ಹಾಕಿದಾಗ, ಈ ಕಾಯಿಲೆ ಬಂದವರ ಸ್ವಂತ ಅಕ್ಕತಂಗಿಯರಿಗೆ ಅಪಾಯ ಸುಮಾರು ಎರಡು ಪಟ್ಟು ಇತ್ತು. ವೈರಸ್ಸೇ ಇಲ್ಲದಿದ್ದರೆ ಜೀನು ಒಂದರಿಂದ ಏನೂ ಆಗುವುದಿಲ್ಲ, ಅದು ಬೇರೆ ಮಾತು.

ಈಗ ಹೇಳು, ಚಿಕ್ಕಮ್ಮನ ಒಡಹುಟ್ಟಿದವಳು ಯಾರು? ಪುಟ್ಟಿಯ ಜಾತಕ ಹಿಡಿದು ಓಡಾಡುತ್ತಿದ್ದೀಯಲ್ಲ, ನೀನು ಪರೀಕ್ಷೆ ಮಾಡಿಸಿಕೊಂಡಿದ್ದೀಯಾ? ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು ಅನ್ನಬೇಡ. ನಮ್ಮಲ್ಲಿ 30ರಿಂದ 65 ವರ್ಷದವರೆಗೂ ಮಾಡಿಸಿ ಅಂತಲೇ ಸರ್ಕಾರ ಹೇಳುವುದು. ಗರ್ಭಕೋಶದ ಬಾಯಿಗೆ ವಿನೆಗರ್ ಥರದ್ದನ್ನು ಹಚ್ಚಿ, ಬೆಳ್ಳಗಾಗುತ್ತದಾ ಅಂತ ನೋಡುತ್ತಾರೆ, ಅಷ್ಟೇ. ಅತ್ತಿಗೆ ಜೊತೆ ಶಿವಮೊಗ್ಗಕ್ಕೆ ಹೋಗಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರನ್ನು ಕೇಳು.

ಇಲ್ಲಂತೂ ತಮಾಷೆ. 25 ತುಂಬಿದರೆ ಸರ್ಕಾರವೇ ಕಾಗದ ಬರೆದು ಕರೆಯುತ್ತದೆ, ನಮ್ಮ ನೆಂಟರೂ ಮದುವೆಗೆ ಹಾಗೆ ಕರೆಯಲ್ಲ. ಉದ್ದನೆಯ ಹತ್ತಿಕಡ್ಡಿ ಕೊಟ್ಟು, ಪರದೆ ಹಿಂದೆ ಹೋಗಿ ಪರೀಕ್ಷೆಯ ಮಾದರಿ ನೀವೇ ತಗೊಳ್ಳಿ ಅಂತಾರೆ! ಸರಿ ಇದ್ದರೆ ಮತ್ತೆ ಐದು ವರ್ಷ ಬಿಟ್ಟು. ಹುಡುಗಿಯರಿಗೆ ಶಾಲೆಯಲ್ಲೇ ಈ ವೈರಸ್ಸಿನ ಲಸಿಕೆ, 2007ರಿಂದ. ಅಣ್ಣನ ಮಗಳಿಗೂ ಹಾಕಿಸಲು ಹೇಳು, ಒಂಬತ್ತರಿಂದ ಹದಿನಾಲ್ಕರೊಳಗೆ ಒಳ್ಳೆಯದು.

ನಿನಗೇನೂ ಇರಲ್ಲ. ಖಂಡಿತ ಇರಲ್ಲ. ಗಾಬರಿ ಬೀಳಬೇಡ, ನನಗೂ ಗಾಬರಿ ಇಲ್ಲ. ಸುಮ್ನೆ ಒಂದು ಸಲ ತೋರಿಸಿಕೊಂಡು ಬಾ, ಈ ವಾರವೇ. ಚಿಕ್ಕಮ್ಮನ ಖರ್ಚಿಗೆ ಅಣ್ಣನ ಖಾತೆಗೆ ದುಡ್ಡು ಹಾಕಿದ್ದೇನೆ. ಟ್ರಾಮಿಗೆ ಹೊತ್ತಾಯ್ತು, ಉಳಿದಿದ್ದು ಫೋನಿನಲ್ಲಿ.

ನಿನ್ನ ಮಗಳು