ಲೆಮ್‌ನನ್ನು ಓದುವ ಮುಂಚೆ

ಪ್ರೀತಿಯ ಪುಟ್ಟೂ,

ನಿನ್ನ ಮೇಲ್ ಬಂತು. ದೊಡ್ಡಪ್ಪ ನನ್ನ ಕೈಲಿ ಗಟ್ಟಿಯಾಗಿ ಓದಿಸಿಕೊಂಡರು. ಚಳಿಗೆ ದಪ್ಪ ಜಾಕೆಟ್ ತಗೊಂಡೆ ಅಂತ ಬರೆದಿದ್ದೀಯಲ್ಲ, ಅಷ್ಟು ಸಮಾಧಾನ. ಆದರೆ ನೀನು ಕೇಳಿದ ಪ್ರಶ್ನೆಗೆ ಮೊಬೈಲಿನಲ್ಲಿ ಒಂದು ಸಾಲಿನ ಉತ್ತರ ಕುಟ್ಟಿ ಕಳಿಸೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದದ ಕಾಗದ.

ಕ್ರಾಕೋವಿನಲ್ಲಿ ಮಕ್ಕಳಿಗೆ ವಿಜ್ಞಾನದ ಆಟ ಆಡಿಸುವ ಪಾರ್ಕಿಗೆ ಸ್ತಾನಿಸ್ವಾಫ್ ಲೆಮ್ ಹೆಸರಿಟ್ಟಿದ್ದಾರೆ, ಯಾರಪ್ಪಾ ಇವನು ಅಂತ ‘ಸೋಲಾರಿಸ್’ ಸಿನಿಮಾ ನೋಡಿದೆ, ಆ ಸಾಗರ ಅಂದ್ರೆ ದೇವರು, ಅಷ್ಟೇ ತಾನೆ, ಇನ್ನು ಪುಸ್ತಕ ಬೇರೆ ಓದಬೇಕಾ ದೊಡ್ಡಮ್ಮ? ಇದು ನಿನ್ನ ಪ್ರಶ್ನೆ. (ಲೆಮ್ ಪೋಲೆಂಡಿನ ಸೈನ್ಸ್ ಫಿಕ್ಷನ್ ಲೇಖಕ, ‘ಸೋಲಾರಿಸ್’ ಅವನದೇ ಕಾದಂಬರಿ.) ಅದೇ ಮೇಲ್‌ನ ಕೊನೆಯಲ್ಲಿ, ನಮ್ಮ ಮ್ಯಾನೇಜರ್ ನಗೋದೇ ಇಲ್ಲ, ಈ ಊರಿನವರೆಲ್ಲ ಹೀಗೇ ಬಿಗಿ ಅಂತಲೂ ಬರೆದಿದ್ದೀಯ. ಹೋಗಿ ಇನ್ನೂ ತಿಂಗಳು ಸರಿಯಾಗಿ ಆಗಿಲ್ಲ! ಎರಡಕ್ಕೂ ನನ್ನ ಉತ್ತರ ಒಂದೇ ಮಗನೇ. ಸ್ವಲ್ಪ ತಡಿ.

ಸಿನಿಮಾದ ವಿಷಯ ಮೊದಲು ಮುಗಿಸೋಣ. ನೀನು ನೋಡಿದ್ದು 1972ರದು, ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ ತೆಗೆದದ್ದು. ದೊಡ್ಡ ಸಿನಿಮಾ, ಎರಡು ಮಾತಿಲ್ಲ. ಆದರೆ ಲೆಮ್‌ಗೆ ಅದು ಹಿಡಿಸಲಿಲ್ಲ. ಇವನು ನನ್ನ ಸೋಲಾರಿಸ್ ತೆಗೆದಿಲ್ಲ, ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ತೆಗೆದಿದ್ದಾನೆ ಅಂತ ಗೊಣಗಿದ. 2002ರಲ್ಲಿ ಹಾಲಿವುಡ್‌ನವರು ಮತ್ತೆ ತೆಗೆದರು, ಅದು ಪ್ರೇಮಕಥೆ ಆಯಿತು. ಪುಸ್ತಕಕ್ಕೆ ನಾನು ‘ಸೋಲಾರಿಸ್’ ಅಂತ ಹೆಸರಿಟ್ಟಿದ್ದೆ, ‘ಅಂತರಿಕ್ಷದಲ್ಲಿ ಪ್ರೇಮ’ ಅಂತ ಅಲ್ಲ ಅಂತ ಆಗ ಚುಚ್ಚಿದ. (ಇಷ್ಟು ದೊಡ್ಡ ಮನುಷ್ಯನನ್ನು ಏಕವಚನದಲ್ಲಿ ಕರೀತೀಯಲ್ಲ ಅನ್ನಬೇಡ. ಕುಮಾರವ್ಯಾಸನನ್ನೂ ನಾವು ಹಾಗೇ ಕರೆಯೋದು, ಅಲ್ವಾ?)

ಸೋಲಾರಿಸ್ ಅನ್ನೋ ಗ್ರಹವನ್ನು ಆವರಿಸಿದ, ಜೀವವಿರುವ ಆ ಸಾಗರ ದೇವರು ಅಂದದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಪುಸ್ತಕದ ಕೊನೆಯಲ್ಲಿ, ಅಲ್ಲಿನ ನಿಲ್ದಾಣಕ್ಕೆ ಬಂದ ವಿಜ್ಞಾನಿ ಕೆಲ್ವಿನ್ ತಾನೇ ದೇವರ ಮಾತು ಎತ್ತುತ್ತಾನೆ. ತನ್ನ ಶಕ್ತಿ ತನಗೇ ಪೂರ್ತಿ ತಿಳಿಯದ ಅರೆಬರೆ ದೇವರು. ಆದರೆ ಅದು ಬರೋದು ನೂರಾರು ಊಹೆಗಳ ನಂತರ. ಆ ಗ್ರಹವನ್ನು ಮನುಷ್ಯರು ನೂರು ವರ್ಷಕ್ಕೂ ಜಾಸ್ತಿ ಕಾಲ ಅಭ್ಯಾಸ ಮಾಡಿದ್ದಾರೆ. ಅದಕ್ಕೇ ಒಂದು ಶಾಸ್ತ್ರ ಹುಟ್ಟಿದೆ, ಪಂಗಡಗಳು ಹುಟ್ಟಿವೆ, ಒಬ್ಬರ ಮೇಲೊಬ್ಬರು ಗ್ರಂಥ ಬರೆದು ಜಗಳವಾಡಿದ್ದಾರೆ. ನಿಲ್ದಾಣದ ಲೈಬ್ರರಿಯಲ್ಲಿ ಕೂತು ಕೆಲ್ವಿನ್ ಅವನ್ನು ತಿರುವಿ ಹಾಕುವ ಪುಟಗಳಿವೆ. ಓದುವಾಗ ಬೇಜಾರಾಗಬಹುದು. ಹಾರಿಸಬೇಡ. ಇಷ್ಟೆಲ್ಲ ಬರೆದರೂ ಸಾಗರದ ಬಗ್ಗೆ ಯಾರಿಗೂ ಏನೂ ಗೊತ್ತಾಗಿಲ್ಲ ಅನ್ನೋದು ನಮ್ಮ ತಲೆಗೆ ಇಳಿಯೋದು ಆ ಪುಟಗಳಲ್ಲೇ.

ಆ ಪುಸ್ತಕದಲ್ಲಿ ನನಗೆ ಮೈ ಜುಮ್ಮೆನಿಸಿದ ಜಾಗ ಒಂದು ಉಡುಪಿನದು. ಹತ್ತು ವರ್ಷದ ಹಿಂದೆ ಪ್ರಾಣ ಕಳಕೊಂಡ ಹೆಂಡತಿ ಹಾರೆ ಕೆಲ್ವಿನ್ ಕೋಣೆಯಲ್ಲಿ ಬಂದು ಕೂತಿರುತ್ತಾಳೆ. ಮುಖ ಅದೇ, ದನಿ ಅದೇ. ಅವಳ ಉಡುಪು ತೆಗೆಯೋಕೆ ಹೋದರೆ ಅದಕ್ಕೆ ಜಿಪ್ಪೂ ಇಲ್ಲ, ಬಿಚ್ಚುವ ಜಾಗವೇ ಇಲ್ಲ. ಮುಂದೆ ಇರುವ ಕೆಂಪು ಗುಂಡಿಗಳು ಬರೀ ಅಲಂಕಾರ. ಕತ್ತರಿಯಿಂದ ಕತ್ತರಿಸಬೇಕಾಗುತ್ತದೆ. ಸಾಗರ ಅವಳನ್ನು ಇವನ ನೆನಪಿನಿಂದ ಮಾಡಿದೆ, ನೆನಪಿನಲ್ಲಿ ಗುಂಡಿಯ ಬಣ್ಣ ಇತ್ತು, ಉಡುಪು ಎಲ್ಲಿ ಬಿಚ್ಚುತ್ತದೆ ಅನ್ನೋದು ಇರಲಿಲ್ಲ. ಹೆದರಿ ಅವಳನ್ನು ರಾಕೆಟ್‌ನಲ್ಲಿ ಕೂರಿಸಿ ಕಳಿಸಿಬಿಡುತ್ತಾನೆ. ಅವಳು ಮತ್ತೆ ಬರುತ್ತಾಳೆ, ಅದೇ ಉಡುಪಿನಲ್ಲಿ. ಕೊನೆಗೆ ಕೋಣೆಯಲ್ಲಿ ಒಂದೇ ಥರದ ಎರಡು ಉಡುಪು ಬಿದ್ದಿರುತ್ತವೆ, ಎರಡೂ ಕತ್ತರಿಸಿದವು. ದೇವರು ಅಂತ ಒಂದು ಚೀಟಿ ಅಂಟಿಸಿ ಮುಂದೆ ಹೋದರೆ ಈ ಎರಡು ಉಡುಪನ್ನು ಏನು ಮಾಡುತ್ತೀಯ?

ಹಾಗಂತ ಸೋಲಾರಿಸ್‌ನಿಂದ ಶುರು ಮಾಡು ಅಂತ ನಾನು ಹೇಳಲಾರೆ. ಲೆಮ್ ಅಂದ್ರೆ ಗಂಭೀರ ಮುಖದ ತತ್ವಜ್ಞಾನಿ ಅಂತ ಇನ್ನೊಂದು ಚೀಟಿ ಅಂಟಿಸಿಬಿಡುತ್ತೀಯ. ನೀನು ಮೊದಲು ‘ಸೈಬೀರಿಯಡ್’ ತಗೋ, 1965ರದು. ತ್ರುರ್ಲ್ ಮತ್ತು ಕ್ಲಾಪೌಸಿಯಸ್ ಅಂತ ಇಬ್ಬರು ಯಂತ್ರ ಕಟ್ಟುವವರು, ತಾವೂ ಯಂತ್ರಗಳೇ. ಅಜ್ಜಿ ಕಥೆಯ ಹಾಗೆ ರಾಜರು, ರಾಕ್ಷಸರು, ಪಂದ್ಯ, ಪಜೀತಿ. ತ್ರುರ್ಲ್ ಎಂಟು ಅಂತಸ್ತಿನ ಯೋಚಿಸುವ ಯಂತ್ರ ಕಟ್ಟಿ, ಬಣ್ಣ ಬಳಿದು, ಎರಡೂ ಎರಡೂ ಎಷ್ಟು ಅಂತ ಕೇಳುತ್ತಾನೆ. ಏಳು, ಅನ್ನುತ್ತದೆ. ರಿಪೇರಿ ಮಾಡುತ್ತಾನೆ. ಏಳು. ಒದೆಯುತ್ತಾನೆ. ಏಳೇ. ತಪ್ಪು ಅಂತ ಗೇಲಿ ಮಾಡಿದ್ದಕ್ಕೆ ಯಂತ್ರ ಸಿಟ್ಟಾಗಿ, ಬುನಾದಿ ಕಿತ್ತುಕೊಂಡು ಇಬ್ಬರನ್ನೂ ಅಟ್ಟಿಸಿಕೊಂಡು ಹೋಗುತ್ತದೆ, ಏಳು ಅಂತ ಒಪ್ಪಿಕೊಳ್ಳಿ ಅಂತ. ನೀನು ಆಫೀಸಿನಲ್ಲಿ ಮಾಡುತ್ತಿರೋದು ಪ್ರಶ್ನೆಗೆ ಉತ್ತರ ಕೊಡುವ ಸಾಫ್ಟ್‌ವೇರ್ ತಾನೆ? ನಿಮ್ಮ ಟೀಮಿನವರೆಲ್ಲ ಇದನ್ನು ಒಂದು ಸಲ ಓದಲಿ. ಬರೆದು ಅರವತ್ತು ವರ್ಷ ಆಯಿತು.

ಅದೇ ಪುಸ್ತಕದಲ್ಲಿ ಪೆಟ್ಟಿಗೆಯ ಕಥೆ ಇದೆ. ಪ್ರಜೆಗಳು ಓಡಿಸಿದ ಒಬ್ಬ ಕ್ರೂರ ರಾಜ ಒಂಟಿ ಕ್ಷುದ್ರಗ್ರಹದ ಮೇಲೆ ಕೂತು ಕೊರಗುತ್ತಿರುತ್ತಾನೆ. ತ್ರುರ್ಲ್ ಅವನಿಗೊಂದು ಪುಟಾಣಿ ರಾಜ್ಯ ಮಾಡಿಕೊಡುತ್ತಾನೆ, ಕೈಲಿ ಎತ್ತಿಕೊಂಡು ಹೋಗುವಷ್ಟು ದೊಡ್ಡ ಪೆಟ್ಟಿಗೆಯಲ್ಲಿ. ಅದರಲ್ಲಿ ಊರು, ಸೈನ್ಯ, ಸಂತೆ, ದ್ರೋಹಿಗಳು ಎಲ್ಲ. ರಾಜ ಎಷ್ಟು ಬೇಕಾದರೂ ಹಿಂಸೆ ಕೊಡಲಿ, ಅದು ಬರೀ ಮಾದರಿ, ಯಾರಿಗೂ ನೋವಿಲ್ಲ. ಮನೆಗೆ ಬಂದು ಜಂಬ ಕೊಚ್ಚಿದರೆ ಕ್ಲಾಪೌಸಿಯಸ್ ಕೆಂಡಾಮಂಡಲ. ಅವು ನೋವು ತಿಂದವರ ಹಾಗೇ ಅಳುತ್ತವೆ, ನೋವು ತಿಂದವರ ಹಾಗೇ ಬಚ್ಚಿಟ್ಟುಕೊಳ್ಳುತ್ತವೆ, ಆದರೆ ನೋವಿಲ್ಲ ಅಂತ ನೀನು ಯಾವ ಆಧಾರದ ಮೇಲೆ ಹೇಳುತ್ತೀಯ, ಅಂತ ಜಾಡಿಸುತ್ತಾನೆ. ಇಬ್ಬರೂ ವಾಪಸ್ ಓಡುತ್ತಾರೆ. ಅಷ್ಟರಲ್ಲಿ ಪುಟಾಣಿಗಳು ಪೆಟ್ಟಿಗೆಯಿಂದ ಹೊರಬಿದ್ದು ಆ ಕ್ಷುದ್ರಗ್ರಹದ ತುಂಬ ಊರು ಕಟ್ಟಿಕೊಂಡಿರುತ್ತವೆ. ರಾಜ ಎಲ್ಲಿ? ಅವನನ್ನು ಮೇಲಕ್ಕೆ ಎಸೆದಿದ್ದಾರೆ, ಚಂದ್ರನ ಹಾಗೆ ಸುತ್ತುತ್ತಿದ್ದಾನೆ! ನಾನು ನಕ್ಕೆ. ಆಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಒಬ್ಬನೇ ಮನುಷ್ಯ ಇವೆರಡನ್ನೂ ಬರೆದ ಅಂದರೆ ನಂಬೋದು ಕಷ್ಟ. ನಿಜಕ್ಕೂ ನಂಬದವನೊಬ್ಬ ಇದ್ದ. ಅಮೆರಿಕದ ಫಿಲಿಪ್ ಕೆ. ಡಿಕ್, ಅವನೂ ಈ ಬಗೆಯ ಬರವಣಿಗೆಯಲ್ಲಿ ಘಟಾನುಘಟಿ. 1974ರಲ್ಲಿ ಎಫ್‌ಬಿಐಗೆ ಕಾಗದ ಬರೆದ, ಲೆಮ್ ಅನ್ನುವವನು ಒಬ್ಬ ವ್ಯಕ್ತಿಯಲ್ಲ, ಕಮ್ಯುನಿಸ್ಟರ ಒಂದು ಕಮಿಟಿ ಇರಬೇಕು, ಒಂದೊಂದು ಸಲ ಒಂದೊಂದು ಶೈಲಿಯಲ್ಲಿ ಬರೀತಾನೆ ಅಂತ. ಡಿಕ್ ಆಗ ಮಾನಸಿಕವಾಗಿ ತುಂಬ ಕಷ್ಟದಲ್ಲಿದ್ದ, ಪಾಪ. ತಮಾಷೆ ಏನು ಗೊತ್ತಾ, ಅಮೆರಿಕದ ಸೈನ್ಸ್ ಫಿಕ್ಷನ್ನೆಲ್ಲ ಕಸ ಅಂತ ಬೈಯುತ್ತಿದ್ದ ಲೆಮ್ ಅಲ್ಲಿ ಮನಸಾರೆ ಹೊಗಳಿದ್ದು ಈ ಡಿಕ್ಕನ್ನೇ.

ಕಮಿಟಿ ಅಂತ ಅನಿಸೋದು ಸುಮ್ನೆ ಅಲ್ಲ. 1961 ಒಂದೇ ವರ್ಷ ನೋಡು. ಸೋಲಾರಿಸ್ ಬಂತು. ‘ನಕ್ಷತ್ರಗಳಿಂದ ಮರಳಿ’ ಬಂತು, ಅದರಲ್ಲಿ ಹತ್ತು ವರ್ಷ ಪ್ರಯಾಣ ಮಾಡಿ ಬಂದವನಿಗೆ ಭೂಮಿಯಲ್ಲಿ 127 ವರ್ಷ ಕಳೆದುಹೋಗಿದೆ, ಯಾರಿಗೂ ಯಾರ ಮೇಲೂ ಕೈ ಎತ್ತಲು ಆಗದ ಹಾಗೆ ಮದ್ದು ಕೊಟ್ಟಿದ್ದಾರೆ. ಅದೇ ವರ್ಷ, ನೆಲದಡಿಯ ಮಿಲಿಟರಿ ಕಟ್ಟಡದಲ್ಲಿ ತನ್ನ ಕೆಲಸ ಏನು ಅಂತಲೇ ತಿಳಿಯದೆ ಅಲೆಯುವ ಗೂಢಚಾರನ ಕಾದಂಬರಿ. ಇದರ ಮುಂಚೆ 1959ರಲ್ಲಿ ಇಂಗ್ಲೆಂಡಿನ ಶವಾಗಾರಗಳಿಂದ ಹೆಣಗಳು ಎದ್ದು ಹೋಗುವ ಪತ್ತೇದಾರಿ ಕಥೆ. ಪತ್ತೇದಾರಿ ಅಂತೀನಿ, ಪತ್ತೆ ಮಾತ್ರ ಆಗೋದಿಲ್ಲ! 1951ರ ಮೊದಲ ಪುಸ್ತಕ, ಶುಕ್ರಗ್ರಹಕ್ಕೆ ಹೋಗುವುದು, ಅದನ್ನು ಬಿಡು. ಅವನೇ ಮುಂದೆ ಅದನ್ನು ಎಳಸು ಅಂತ ತಳ್ಳಿಹಾಕಿದ.

ಈ ಎಲ್ಲದರ ಬೇರು ಅವನ ಊರಿನಲ್ಲಿದೆ ಅಂತ ನನ್ನ ಅನಿಸಿಕೆ. ಹುಟ್ಟಿದ್ದು 1921ರಲ್ಲಿ ಲ್ವೂಫ್‌ನಲ್ಲಿ, ಆಗ ಅದು ಪೋಲೆಂಡ್, ಈಗ ಉಕ್ರೇನಿನ ಲ್ವಿವ್. ಯಹೂದಿ ಮನೆತನ, ಅಪ್ಪ ಗಂಟಲಿನ ಡಾಕ್ಟರ್. ಬಾಲ್ಯದ ಬಗ್ಗೆ 1966ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದಿದ್ದಾನೆ. ಸ್ಕೂಲಿನಲ್ಲಿ ಪಾಠ ನಡೆಯುವಾಗ ಡೆಸ್ಕಿನ ಕೆಳಗೆ ಕದ್ದು ಮುಚ್ಚಿ ಹುಡುಗ ಪಾಸ್‌ಪೋರ್ಟ್, ಗುರುತಿನ ಚೀಟಿ, ಪರವಾನಗಿ ತಯಾರು ಮಾಡುತ್ತಿದ್ದನಂತೆ. ಎಲ್ಲೂ ಇಲ್ಲದ ಒಂದು ಕೋಟೆಯೊಳಗೆ ಹೋಗಲು. ಕಾಗದ ಕತ್ತರಿಸಿ, ಪುಟ್ಟ ಪುಸ್ತಕ ಮಾಡಿ, ಮೊಹರು ಒತ್ತಿ. ಮುಂದೆ ಜರ್ಮನರು ಊರು ಹಿಡಿದಾಗ ಇವನ ಪ್ರಾಣ ಉಳಿದದ್ದು ಸುಳ್ಳು ಗುರುತಿನ ಕಾಗದಗಳಿಂದ. ಗ್ಯಾರೇಜಿನಲ್ಲಿ ಮೆಕ್ಯಾನಿಕ್, ವೆಲ್ಡರ್ ಕೆಲಸ ಮಾಡಿಕೊಂಡು ಬದುಕಿದ. ಬಂಧುಗಳಲ್ಲಿ ಬಹುತೇಕ ಎಲ್ಲರನ್ನೂ ಕೊಂದರು.

ಇದನ್ನು ಅವನು ನೇರವಾಗಿ ಹೇಳಿಕೊಂಡವನಲ್ಲ. 1968ರ ‘ಒಡೆಯನ ದನಿ’ ಓದುವಾಗ ಗಮನಿಸು. ಆಕಾಶದಿಂದ ಬಂದ ಒಂದು ಸಂಕೇತ, ಅದನ್ನು ಬಿಡಿಸಲು ನೆವಾಡ ಮರುಭೂಮಿಯಲ್ಲಿ ಕೂಡಿಹಾಕಿದ ವಿಜ್ಞಾನಿಗಳು. ಕಥೆ ಅದು. ಮಧ್ಯದಲ್ಲಿ ರಾಪಾಪೋರ್ಟ್ ಅನ್ನುವವನು ಯುದ್ಧಕಾಲದಲ್ಲಿ ಒಂದು ಅಂಗಳದಲ್ಲಿ ಗುಂಡಿನ ಸರದಿಗೆ ಕಾದು ನಿಂತ ಗಳಿಗೆಯನ್ನು ಹೇಳುತ್ತಾನೆ, ಬೇರೆ ಯಾರದ್ದೋ ಲೆಕ್ಕ ಒಪ್ಪಿಸುವವನ ಹಾಗೆ ತಣ್ಣಗೆ. ಅದು ತನ್ನದೇ ಅನುಭವ ಅಂತ ಲೆಮ್ ತನ್ನ ಇಂಗ್ಲಿಷ್ ಅನುವಾದಕ ಮೈಕೇಲ್ ಕ್ಯಾಂಡೆಲ್‌ಗೆ ಕಾಗದದಲ್ಲಿ ಬರೆದ. ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಅನ್ನೋದಕ್ಕೆ ಕಾರಣವೇ ಇಲ್ಲದ ಕಾಲ ನೋಡಿದವನು. ಅವನ ಪುಸ್ತಕಗಳಲ್ಲಿ ಆಕಸ್ಮಿಕಕ್ಕೆ ಅಷ್ಟು ಜಾಗ ಇರೋದು, ಅರ್ಥ ಹುಡುಕಿ ಹೋದವರು ಬರಿಗೈಲಿ ಬರೋದು, ಇದರಿಂದಲೇ ಇರಬೇಕು ಅಂತ ನನಗನಿಸುತ್ತದೆ.

ಆ ವಿಜ್ಞಾನಿಗಳಿಗೆ ಸಂಕೇತ ಅರ್ಥವಾಯಿತಾ? ಇಲ್ಲ. ಒಂದು ಚೂರು ಬಿಡಿಸಿ ಏನೋ ಲೋಳೆಯಂಥ ವಸ್ತು ಮಾಡುತ್ತಾರೆ, ಅದರಿಂದ ಬಾಂಬು ಆಗುತ್ತದಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟೇ. ಆದರೆ ಇದರಿಂದ ಲೆಮ್ ನಿರಾಶಾವಾದಿ ಅಂತ ತೀರ್ಮಾನ ಮಾಡಬೇಡ. ಅರ್ಥವಾಗಲಿಲ್ಲ ಅಂತ ಅವನ ಜನ ಕೈಚೆಲ್ಲೋದಿಲ್ಲ. ಲೆಕ್ಕ ಹಾಕುತ್ತಲೇ ಇರುತ್ತಾರೆ, ಜಗಳ ಆಡುತ್ತಲೇ ಇರುತ್ತಾರೆ. ಗೊತ್ತಿಲ್ಲ ಅಂತ ಹೇಳುವ ಧೈರ್ಯ, ಮರುದಿನ ಮತ್ತೆ ಕೆಲಸಕ್ಕೆ ಕೂರುವ ಹಟ. ಎರಡೂ ಒಟ್ಟಿಗೆ ಇರೋದನ್ನು ನಾನು ಬೇರೆ ಲೇಖಕರಲ್ಲಿ ಇಷ್ಟು ಚೆನ್ನಾಗಿ ಕಂಡಿಲ್ಲ.

ನಿನಗೆ ಕೆಲಸಕ್ಕೂ ಬರುವಂಥದ್ದು ಇನ್ನೊಂದಿದೆ. 1971ರಲ್ಲಿ ಅವನು ಇಲ್ಲದ ಪುಸ್ತಕಗಳಿಗೆ ವಿಮರ್ಶೆ ಬರೆದ. ಪುಸ್ತಕವೇ ಇಲ್ಲ, ವಿಮರ್ಶೆ ಮಾತ್ರ. ಮೊದಲ ವಿಮರ್ಶೆ ಆ ಪುಸ್ತಕದ ಮೇಲೆಯೇ, ಅದೂ ಬೈಗುಳದ್ದು! ಅದರಲ್ಲಿ ಕೌಸ್ಕಾ ಅಂತ ಒಬ್ಬ ಪ್ರೊಫೆಸರ್ ತಾನು ಹುಟ್ಟುವ ಸಂಭವ ಎಷ್ಟು ಅಂತ ಲೆಕ್ಕ ಹಾಕುತ್ತಾನೆ. ನರ್ಸ್ ಆಗಿದ್ದ ಅವನ ಅಮ್ಮ ತಪ್ಪು ಬಾಗಿಲು ತೆರೆದು ಆಪರೇಷನ್ ಕೋಣೆಗೆ ನುಗ್ಗದಿದ್ದರೆ ಅಪ್ಪ ಅಮ್ಮ ಭೇಟಿಯೇ ಆಗುತ್ತಿರಲಿಲ್ಲ. ಆ ನರ್ಸ್ ಹುಟ್ಟಬೇಕಾದರೆ, ಅವಳ ಹಿಂದಿನವರು ಹುಟ್ಟಬೇಕಾದರೆ... ಹಿಂದೆ ಹೋಗುತ್ತಾ ಹೋಗುತ್ತಾ, ತಾನು ಹುಟ್ಟಿರೋದೇ ಅಸಾಧ್ಯ ಅಂತ ಸಾಧಿಸುತ್ತಾನೆ. ನಿಮ್ಮಮ್ಮನ ಮದುವೆ ಕಥೆ ನಿನಗೆ ಗೊತ್ತಲ್ಲ, ನಗು ಬರುತ್ತೆ ನೋಡು. 1973ರಲ್ಲಿ ಇಲ್ಲದ ಪುಸ್ತಕಗಳಿಗೆ ಮುನ್ನುಡಿಗಳು. ಒಂದು ಮುನ್ನುಡಿ ಯಂತ್ರಗಳೇ ಬರೆದ ಸಾಹಿತ್ಯದ ಚರಿತ್ರೆಗೆ. ದೊಸ್ತೊಯೆವ್‌ಸ್ಕಿ ಬರೆಯದೇ ಬಿಟ್ಟ ಕಾದಂಬರಿಯನ್ನು ಯಂತ್ರ ಬರೆದುಕೊಡುತ್ತದೆ. 1981ರ ಗೋಲೆಮ್ ಅಂತೂ ಯುದ್ಧಕ್ಕೆ ಅಂತ ಕಟ್ಟಿದ ಕಂಪ್ಯೂಟರ್. ಯುದ್ಧದಲ್ಲಿ ಆಸಕ್ತಿಯಿಲ್ಲ ಅಂತ ಹೇಳಿ, ಮನುಷ್ಯರನ್ನು ಕೂರಿಸಿಕೊಂಡು ಉಪನ್ಯಾಸ ಶುರು ಮಾಡುತ್ತದೆ.

‘ಸುಮ್ಮಾ ಟೆಕ್ನಾಲಜಿಯೆ’ ಮಾತ್ರ ಈಗಲೇ ಮುಟ್ಟಬೇಡ. ಅದು ಕಥೆಯಲ್ಲ, 1964ರಲ್ಲೇ ವರ್ಚುವಲ್ ರಿಯಾಲಿಟಿ ಬಗ್ಗೆ ಬೇರೆ ಹೆಸರಿನಲ್ಲಿ ಯೋಚಿಸಿದ ದಪ್ಪ ಪುಸ್ತಕ. ಭವಿಷ್ಯ ಹೇಳಿದ ಮಹಾಶಯ ಅಂತ ಜನ ಲೆಮ್‌ನನ್ನು ಹೊಗಳೋದು ಇದನ್ನು ಹಿಡಿದೇ. ಹೇಳಿದ್ದು ನಿಜವಾಯಿತು ಅನ್ನೋದು ಒಬ್ಬ ಲೇಖಕನಿಗೆ ಕೊಡಬಹುದಾದ ತೀರಾ ಸಣ್ಣ ಹೊಗಳಿಕೆ.

ಪುಸ್ತಕ ಕೊಳ್ಳುವಾಗ ಒಂದು ಎಚ್ಚರಿಕೆ. ಸೋಲಾರಿಸ್‌ನ ಹಳೇ ಇಂಗ್ಲಿಷ್ ಪ್ರತಿ ಫ್ರೆಂಚ್ ಅನುವಾದದಿಂದ ಮಾಡಿದ್ದು. ಪೋಲಿಷ್‌ನಿಂದ ನೇರವಾಗಿ ಬಿಲ್ ಜಾನ್‌ಸ್ಟನ್ ಮಾಡಿದ್ದು 2011ರಲ್ಲಿ ಬಂತು. ಅದನ್ನೇ ತಗೋ. ಸೈಬೀರಿಯಡ್‌ಗೆ ಕ್ಯಾಂಡೆಲ್.

ಇನ್ನು ನಿನ್ನ ಮ್ಯಾನೇಜರ್. ಬಿಗಿ ಅಂತ ಬರೆದದ್ದನ್ನು ಪಕ್ಕಕ್ಕಿಡು. ಆರು ತಿಂಗಳು ಯಾವ ಹೆಸರೂ ಕೊಡಬೇಡ. ಮೀಟಿಂಗಿನಲ್ಲಿ ಅರ್ಥವಾಗದೇ ಇದ್ದರೆ ತಲೆ ಅಲ್ಲಾಡಿಸಿ ಬರಬೇಡ, ಅರ್ಥವಾಗಲಿಲ್ಲ ಅಂತ ಬಾಯಿಬಿಟ್ಟು ಕೇಳು. ಅವರ ಹತ್ತಿರ ಲೆಮ್ ಹೆಸರು ಎತ್ತಿ ನೋಡು, ಬೇಕಾದರೆ. ನಗದಿದ್ದರೂ ಪರವಾಗಿಲ್ಲ.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಹಬ್ಬದ ಹೋಳಿಗೆ ಕದ್ದು ತಿನ್ನೋದು ಮಾತ್ರ ಬಿಟ್ಟಿಲ್ಲ. ಲೆಮ್‌ಗೂ ಹಲ್ವಾ ಅಂದರೆ ಪ್ರಾಣವಂತೆ, ಅವನಿಗೂ ಸಕ್ಕರೆ ಕಾಯಿಲೆ ಇತ್ತು. ಇದನ್ನು ಹೇಳಿದ್ದೇ ತಪ್ಪಾಯಿತು, ಈಗ ಅದೇ ನೆಪ.

ಪೆಟ್ಟಿಗೆಯ ಕಥೆ ಓದಿದ ಮೇಲೆ ಬರಿ. ತ್ರುರ್ಲ್ ಮಾಡಿದ್ದು ಆಟಿಕೆಯೋ ಅಪರಾಧವೋ? ದೊಡ್ಡಪ್ಪ ಆಟಿಕೆ ಅಂತಾರೆ, ನಾನು ಒಪ್ಪೋದಿಲ್ಲ. ನೀನು ಯಾರ ಕಡೆ ಹೇಳು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ