ಕಾರ್ ಲಾಕ್ ಮಾಡೋ ಮುಂಚೆ ಹಿಂದಿನ ಸೀಟ್ ನೋಡಿ

ಎಲ್ರಿಗೂ ನಮಸ್ಕಾರ. ಈ ಸಂಚಿಕೆಯಲ್ಲಿ ಪಿಕ್ನಿಕ್ ವರದಿ ಇದೆ, ಮಕ್ಕಳ ಚಿತ್ರಗಳಿವೆ, ಅವನ್ನೆಲ್ಲ ಆರಾಮಾಗಿ ಓದಿ, ಆದ್ರೆ ಟೆಕ್ಸಸ್ ಬಿಸಿಲು ಆಗ್ಲೇ ಏರ್ತಾ ಇದೆ, ಊರಿಂದ ಅಜ್ಜಿ ತಾತಂದಿರೂ ಬಂದಿಳೀತಿದಾರೆ, ಅದಕ್ಕೆ ಈ ಮಾತನ್ನ ಮೊದ್ಲು ಹೇಳ್ಬೇಕು ಅನ್ನಿಸ್ತು.

1998ರಿಂದ ಈಚೆಗೆ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ನಿಲ್ಲಿಸಿದ್ದ ಕಾರೊಳಗೆ ಬಿಸಿಲಿನ ಝಳಕ್ಕೆ ಪ್ರಾಣ ಕಳ್ಕೊಂಡಿದಾರೆ, ಹೆಚ್ಚಿನವ್ರು ಮೂರು ವರ್ಷ ತುಂಬದ ಕೂಸುಗಳು. ಆ ಪಟ್ಟಿಯಲ್ಲಿ ಎಲ್ಲಾ ರಾಜ್ಯಗಳಿಗಿಂತ ಮೇಲಿರೋದು ನಮ್ ಟೆಕ್ಸಸ್ಸೇ.

ಇದನ್ನ ಕೇಳಿದ್ ತಕ್ಷಣ ನಮ್ಮವ್ರು ಹೇಳೋದು ಒಂದೇ, ಹೆತ್ತ ಮಗೂನ ಯಾರಾದ್ರೂ ಮರೀತಾರೇನ್ರೀ, ನಮ್ಮನೇಲಿ ಹಂಗಾಗಲ್ಲ ಅಂತ. ನನ್ನ ಕೇಳಿದ್ರೆ ಈ ಧೈರ್ಯಾನೇ ಅಪಾಯ. ಸತ್ತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನ ದೊಡ್ಡವ್ರು ಕಾರಲ್ಲಿ ಮರೆತು ಬಿಟ್ಟೋಗಿದ್ರು, ಮರೆತೋರಲ್ಲಿ ಡಾಕ್ಟರು, ಟೀಚರು, ಪೊಲೀಸ್ನೋರು ಎಲ್ಲಾ ಇದಾರೆ, ಮಗು ಮೇಲೆ ಜೀವಾನೇ ಇಟ್ಕೊಂಡಿದ್ದೋರು. ಯೂನಿವರ್ಸಿಟಿ ಆಫ್ ಸೌತ್ ಫ್ಲಾರಿಡಾದ ಡೇವಿಡ್ ಡೈಮಂಡ್ ಅನ್ನೋ ಪ್ರೊಫೆಸರ್ ಇದನ್ನ ವರ್ಷಗಟ್ಲೆ ಸ್ಟಡಿ ಮಾಡಿದಾರೆ, ದಿನಾ ಓಡಿಸೋ ದಾರೀಲಿ ಮಿದುಳಿನ ಅಭ್ಯಾಸದ ಭಾಗ ತಾನೇ ಕಾರ್ ನಡೆಸ್ಬಿಡುತ್ತೆ, ಇವತ್ತು ಡೇಕೇರ್‌ಗೆ ತಿರುಗಿಸ್ಬೇಕು ಅನ್ನೋ ಹೊಸ ಪ್ಲಾನ್ ಅದರಡಿ ಮುಚ್ಚೋಗುತ್ತೆ ಅಂತಾರೆ. ದಿನಾ ಬಿಡೋದು ಅಮ್ಮ, ಅವತ್ತು ಅಮ್ಮನಿಗೆ ಬೆಳಿಗ್ಗೇನೇ ಮೀಟಿಂಗು ಅಂತ ಅಪ್ಪ ಕರ್ಕೊಂಡು ಹೊರಟಿರ್ತಾನೆ, ರಾತ್ರಿ ನಿದ್ದೆ ಸರಿ ಆಗಿರಲ್ಲ, ಮಗು ಹತ್ತಿದ್ ಕೂಡ್ಲೆ ನಿದ್ದೆ ಹೋಗಿರುತ್ತೆ, ಹಿಂದಕ್ಕೆ ಮುಖ ಮಾಡಿರೋ ಕಾರ್ ಸೀಟಲ್ಲಿ ಮಗು ಇದ್ರೂ ಒಂದೇ ಇಲ್ದಿದ್ರೂ ಒಂದೇ, ಮುಂದೆ ಕೂತೋರಿಗೆ ಸೀಟಿನ ಬೆನ್ನು ಮಾತ್ರ ಕಾಣೋದು.

ಅದಕ್ಕೇ ಪ್ರೀತೀನ ನಂಬ್ಕೊಂಡ್ ಕೂರೋದ್ ಬೇಡ, ಒಂದು ವ್ಯವಸ್ಥೆ ಮಾಡ್ಕೊಳ್ಳಿ. ಎಡಗಾಲಿನ ಶೂ ಬಿಚ್ಚಿ ಮಗು ಪಕ್ಕ ಇಡಿ (ಆಟೋಮ್ಯಾಟಿಕ್ ಗಾಡೀಲಿ ಆ ಕಾಲಿಗೆ ಕೆಲಸ ಇಲ್ವಲ್ಲ), ಬರೀ ಕಾಲಲ್ಲಿ ಆಫೀಸಿಗಂತೂ ಯಾರೂ ನಡೆದು ಹೋಗಲ್ಲ. ಡೇಕೇರ್ನೋರಿಗೂ ಹೇಳಿಡಿ, ಮಗು ಟೈಮಿಗೆ ಬರ್ಲಿಲ್ಲ ಅಂದ್ರೆ ಇಬ್ರಿಗೂ ಫೋನ್ ಮಾಡ್ಲೇಬೇಕು ಅಂತ.

ಇನ್ನು ಬಿಸಿ ಎಷ್ಟು ಬೇಗ ಏರುತ್ತೆ ಅಂತ ನೋಡಿ. ಹೊರಗೆ 95 ಡಿಗ್ರಿ ಫ್ಯಾರನ್‌ಹೀಟ್ ಇದ್ರೆ ಹತ್ತೇ ನಿಮಿಷಕ್ಕೆ ಕಾರೊಳಗೆ 114, ಅರ್ಧ ಗಂಟೆಗೆ 129. ಗ್ಲಾಸ್ ಒಂಚೂರು ಇಳಿಸಿದ್ರೆ ಹೆಚ್ಚು ಕಮ್ಮಿ ಏನೂ ಉಪಯೋಗ ಇಲ್ಲ. ಮಕ್ಕಳ ಮೈ ದೊಡ್ಡವ್ರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತೆ, ಮೈ ಬಿಸಿ 104 ದಾಟಿದ್ರೆ ಹೀಟ್‌ಸ್ಟ್ರೋಕು, 107ಕ್ಕೆ ಜೀವ ಉಳಿಯೋದೇ ಕಷ್ಟ.

ಊರಿಂದ ಬಂದಿರೋ ಹಿರಿಯರಿಗೆ ಇದನ್ನ ಕೂತ್ಕೊಂಡು ಬಿಡಿಸಿ ಹೇಳಿ. ಮೈಸೂರು ಶಿವಮೊಗ್ಗದ ಮರದ ನೆರಳಲ್ಲಿ ಕಾರ್ ನಿಲ್ಸಿ ಅಭ್ಯಾಸ ಇರೋರಿಗೆ ಇಲ್ಲಿನ ಕಾಂಕ್ರೀಟ್ ಪಾರ್ಕಿಂಗ್ ಲಾಟು ಹೆಂಗೆ ಕಾಯುತ್ತೆ ಅಂತ ಗೊತ್ತಿರಲ್ಲ. ಮಗು ಮಲಗಿದೆ, ಅಜ್ಜಿ ಜೊತೇಲಿ ಕೂತಿದಾರೆ, ಇಂಡಿಯನ್ ಸ್ಟೋರಿಂದ ಕರಿಬೇವು ತಂದ್ಬಿಡ್ತೀನಿ ಅಂತ ಇಳಿದು ಹೋಗೋರನ್ನ ನೋಡಿದೀನಿ. ಗಾಡಿ ಆಫ್ ಆದ್ರೆ ಆನ್ ಮಾಡೋದು ಆ ಅಜ್ಜಿಗೆ ಗೊತ್ತಿರಲ್ಲ, ಕೈಯಲ್ಲಿರೋ ಫೋನಿಗೆ ಇಲ್ಲಿನ ಸಿಮ್ ಇರಲ್ಲ, ವಯಸ್ಸಾದೋರಿಗೂ ಬಿಸಿಲು ಬೇಗ ತಟ್ಟುತ್ತೆ. ಇಬ್ರನ್ನೂ ಒಳಗೆ ಕರ್ಕೊಂಡ್ ಹೋಗಿ. ಏಳು ವರ್ಷದೊಳಗಿನ ಮಗೂನ ಹದಿನಾಲ್ಕು ತುಂಬಿದೋರು ಯಾರೂ ಜೊತೆಗಿಲ್ದೆ ಐದು ನಿಮಿಷಕ್ಕಿಂತ ಹೆಚ್ಚು ಬಿಟ್ಟೋದ್ರೆ ಟೆಕ್ಸಸ್‌ನಲ್ಲಿ ಅಪರಾಧ, ಹಾಗಂತ ಐದು ನಿಮಿಷ ಪರವಾಗಿಲ್ಲ ಅಂದ್ಕೋಬೇಡಿ.

ಸತ್ತವ್ರಲ್ಲಿ ಸುಮಾರು ಕಾಲು ಭಾಗದಷ್ಟು ಮಕ್ಕಳು ತಾವೇ ಕಾರ್ ಹತ್ತಿ ಹೊರಗೆ ಬರಕ್ಕಾಗ್ದೆ ಹೋದೋರು. ಮನೆ ಮುಂದೆ ನಿಂತಿರೋ ಗಾಡೀನೂ ಲಾಕ್ ಮಾಡಿ, ಕೀ ಎತ್ತರಕ್ಕೆ ನೇತು ಹಾಕಿ. ಮಗು ಕಾಣ್ತಿಲ್ಲ ಅಂದ್ರೆ ಮೊದ್ಲು ಸ್ವಿಮ್ಮಿಂಗ್ ಪೂಲು, ಆಮೇಲೆ ಕಾರುಗಳು, ಡಿಕ್ಕೀನೂ ತೆಗೆದು ನೋಡಿ. ಯಾರದ್ದೋ ಕಾರಲ್ಲಿ ಮಗು ಒಂದೇ ಇದ್ರೆ ಕಾರಿನೋರು ಬರ್ಲಿ ಅಂತ ಕಾಯದೆ ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ, ಫೋನ್ ಎತ್ತಿದೋರು ಹೇಳ್ದಂಗೆ ಮಾಡಿ.

ನಮ್ಮ ಗಣೇಶನ ಹಬ್ಬದ ಹೊತ್ತಿಗೂ ಇಲ್ಲಿ ಬಿಸಿಲು ಇಳಿದಿರಲ್ಲ. ಅವತ್ತು ಒಬ್ರು ಬಿಸಿಬೇಳೆಬಾತ್ ಟ್ರೇ ಇಳಿಸ್ತಿರ್ತಾರೆ, ಇನ್ನೊಬ್ರು ಡ್ಯಾನ್ಸ್ ಡ್ರೆಸ್ ಬ್ಯಾಗ್ ಹಿಡ್ಕೊಂಡು ಓಡ್ತಿರ್ತಾರೆ, ಮಗು ಅವ್ರ ಹತ್ರ ಇದೆ ಅಂತ ಇವ್ರು, ಇವ್ರ ಹತ್ರ ಇದೆ ಅಂತ ಅವ್ರು. ಇಳಿಯುವಾಗ "ಪಾಪು ನನ್ ಹತ್ರ ಇದೆ" ಅಂತ ಒಬ್ರು ಬಾಯ್ಬಿಟ್ಟು ಹೇಳ್ಲೇಬೇಕು. ಪಾರ್ಕಿಂಗ್ ನೋಡ್ಕೊಳ್ಳೋ ವಾಲಂಟಿಯರ್ಸ್ ಈ ವರ್ಷ ಆಗಾಗ ಒಂದ್ ಸುತ್ತು ಹಾಕಿ ಕಾರೊಳಗೆ ಇಣುಕಿ ನೋಡ್ಬೇಕು ಅಂತ ನನ್ನಾಸೆ, ಅದಕ್ಕೆ ಜನ ಬೇಕು, ಬರೋರು ಕಮಿಟಿಗೆ ಹೆಸರು ಕೊಡಿ.